ಬಡಾವಣೆ ಹೆಣ್ಣುಮಕ್ಕಳ ನಾಟಕದ ಚರಿತ್ರೆ ಬರೆಯೋದು ಹೇಗೆ?

ನಮ್ಮ ನವನಗರದ ಹೆಣ್ಣುಮಕ್ಕಳು ತಾವೇ ಬರೆದು ಆಡಿದ ನಾಟಕದ ಚರಿತ್ರೆ ಬರೆಯುತ್ತಿದ್ದೇನೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಈ ಬಡಾವಣೆಯ ಸಂಸಾರಗಳೇ ಅದರ ಕಥೆ. ಇಂಥ ಪ್ರಯೋಗಗಳ ಬಗ್ಗೆ ಪತ್ರಿಕೆಯಲ್ಲಿ ಬರೋದು ಕಡಿಮೆ. ನಾವೇ ಬರೆದಿಡಬೇಕು.

ಮೊದಲು ಆಮಂತ್ರಣ ಪತ್ರಿಕೆ, ಕರಪತ್ರ ಕೂಡಿಸಿ. ಎಷ್ಟೋ ಕಾರ್ಡಿನಲ್ಲಿ ಇಸವಿಯೇ ಇರೋದಿಲ್ಲ. ಆಗ ವಾರ ನೋಡಿ. 'ಮಾರ್ಚ್ 8, ರವಿವಾರ' ಬಂದದ್ದು 1998, 2009, 2015, 2020ರಲ್ಲಿ. ನಡುವಿನ ಬೇರೆ ವರ್ಷಗಳನ್ನು ಸೀದಾ ಬಿಟ್ಟುಬಿಡಬಹುದು. ವಿಳಾಸವೂ ಸುಳಿವು ಕೊಡುತ್ತದೆ. 'ಗದಗ, ಜಿ. ಧಾರವಾಡ' ಎಂದಿದ್ದರೆ ಹೆಚ್ಚಾಗಿ 1997ಕ್ಕಿಂತ ಹಿಂದಿನದು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು ಆ ವರ್ಷ.

ಆಮೇಲೆ ಪ್ರಾಂಪ್ಟರ್ ಪ್ರತಿ, ಅಂದರೆ ಮರೆಯಲ್ಲಿ ನಿಂತು ಮಾತು ನೆನಪಿಸುವವರ ಕೈಯಲ್ಲಿರುವ ನಾಟಕದ ಪ್ರತಿ. ನನ್ನ ಪ್ರಕಾರ ಇದಕ್ಕಿಂತ ಬೆಲೆಯುಳ್ಳ ಕಾಗದ ಇಲ್ಲ. ನಮ್ಮ ಪ್ರತಿಯಲ್ಲಿ ಅತ್ತೆಯ ಉದ್ದನೆಯ ಮಾತಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದೆ. ಪಕ್ಕದಲ್ಲಿ 'ನಳದಾಗ ನೀರ ಬಂತು, ಓಡವಾ' ಎಂದಿದೆ. ವಾರಗಟ್ಟಲೆ ನೀರಿಗೆ ಕಾದ ಕಾಲ ಆ ಒಂದು ಸಾಲಿನಲ್ಲಿದೆ, ಅಲ್ವಾ? ಇಂಥ ತಿದ್ದುಪಡಿಯನ್ನು ಪುಟ ಸಂಖ್ಯೆ ಸಮೇತ ನಕಲು ಮಾಡಿ. ರಬ್ಬರ್ ಮುಟ್ಟಿಸಬೇಡಿ.

ಪಾತ್ರ ಮಾಡಿದವರಿಗೆ ಸುಮ್ನೆ 'ಯಾವ ವರ್ಷ?' ಎಂದರೆ ಗೊಂದಲ ಜಾಸ್ತಿ. 'ವೈನಿ, ಆವತ್ತು ಕುಕ್ಕರ್ ಯಾರ ಮನೀದು ತಂದಿದ್ರಿ?' ಎಂದು ಕೇಳಿ. ಸೀರೆ, ಮಕ್ಕಳ ಪರೀಕ್ಷೆ, ಯಾರು ಯಾರ ಬದಲಿಗೆ ನಿಂತರು, ಎಲ್ಲಾ ಹೊರಬರುತ್ತದೆ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆಯಿರಿ.

ಬೆಳಕು, ಸಂಗೀತ ಯಾರದೆಂದು ಕರಪತ್ರದಲ್ಲೇ ಇರುತ್ತದೆ. ಪರದೆ ಎಳೆದವರ, ತಾಲೀಮಿಗೆ ಮನೆ ಬಿಟ್ಟುಕೊಟ್ಟವರ ಹೆಸರನ್ನು ಮಾತ್ರ ಕೇಳಿಯೇ ಬರೆದುಕೊಳ್ಳಬೇಕು.