ಸಿಡ್ನಿಗೆ ಬಂದ ಹೊಸಬರಿಗೆ ಫುಟಿ: ರೆಫರಿಯನ್ನು ಬೈಯುವ ಮುಂಚೆ ಇಷ್ಟು ಗೊತ್ತಿರಲಿ

ಸೋಮವಾರ ಬೆಳಗ್ಗೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾರಾದರೂ 'ಫುಟಿ ನೋಡಿದ್ರಾ?' ಅಂತ ಕೇಳಿದರೆ, ಸಿಡ್ನಿಯಲ್ಲಿ ಅದು ರಗ್ಬಿ ಲೀಗ್. ಮೆಲ್ಬರ್ನಿನಲ್ಲಿ ಇದೇ ಮಾತಿಗೆ ಅರ್ಥ ಏಎಫ್‌ಎಲ್, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಇಲ್ಲಿ ಬರೀ 'ರಗ್ಬಿ' ಅಂದರೆ 15 ಜನರ ಯೂನಿಯನ್ ಅಂದುಕೊಳ್ಳುವವರೂ ಇದ್ದಾರೆ. ನಾವು ಹೇಳಹೊರಟಿರುವುದು 13 ಜನರ ಲೀಗ್, ಅದರ ದೊಡ್ಡ ಟೂರ್ನಿ ಎನ್‌ಆರ್‌ಎಲ್. ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಟೂಂಗಾಬಿ ಕಡೆ ಮನೆ ಮಾಡಿದ್ದರೆ ನೀವು ಇರುವುದೇ ಪ್ಯಾರಮಾಟಾ ಈಲ್ಸ್ ತಂಡದ ಸೀಮೆಯಲ್ಲಿ. ಪಕ್ಕದ ಮನೆಯವರ ಬಾಗಿಲಲ್ಲಿ ನೀಲಿ-ಹಳದಿ ಬಾವುಟ ಕಂಡರೆ 1986ರ ವಿಷಯ ಎತ್ತುವಾಗ ಸ್ವಲ್ಪ ಜೋಪಾನ. ಈಲ್ಸ್ ಕೊನೆಯ ಸಲ ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಕಿರೀಟ, ಗೆದ್ದದ್ದು ಆ ವರ್ಷ. ಅಲ್ಲಿಂದ ರೈಲು ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಪೆನ್ರಿತ್, 2021ರಿಂದ 2024ರವರೆಗೆ ಸತತ ನಾಲ್ಕು ಗೆದ್ದಿದೆ. ಈ ಗಾಯಕ್ಕೆ ಉಪ್ಪು ಹಚ್ಚುವುದು ಬೇಡ.

ಕಬಡ್ಡಿ ನೋಡಿ ಬೆಳೆದವರಿಗೆ ಈ ಆಟದ ಅರ್ಧ ಆಗಲೇ ಗೊತ್ತು. ಒಬ್ಬ ನುಗ್ಗುತ್ತಾನೆ, ಎದುರಿನವರು ಸೊಂಟಕ್ಕೋ ಕಾಲಿಗೋ ಬಿದ್ದು ಹಿಡಿಯುತ್ತಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಸಿಕ್ಕಿಬಿದ್ದವನು ಔಟ್ ಅಲ್ಲ. ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಇದಕ್ಕೆ ಪ್ಲೇ-ದ-ಬಾಲ್ ಅನ್ನುತ್ತಾರೆ. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೇ ಟ್ಯಾಕಲ್ ಆದಮೇಲೆ ಸಾಮಾನ್ಯವಾಗಿ ಒದೆಯುತ್ತಾರೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 4 ಅಂಕ, ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲಿಗೆ 2, ಆಟ ನಡೆಯುತ್ತಿರುವಾಗಲೇ ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲಿಗೆ 1. 40 ಮೀಟರಿಗಿಂತ ದೂರದಿಂದ ಹೊಡೆದ ಫೀಲ್ಡ್ ಗೋಲಿಗೆ 2021ರಿಂದ 2 ಅಂಕ. ತಲಾ 40 ನಿಮಿಷದ ಎರಡು ಅವಧಿ. ಸಮ ಆದರೆ ಗೋಲ್ಡನ್ ಪಾಯಿಂಟ್, ಅಂದರೆ ಹೆಚ್ಚುವರಿ ಹೊತ್ತಿನಲ್ಲಿ ಮೊದಲು ಅಂಕ ಗಳಿಸಿದವರು ಗೆದ್ದ ಹಾಗೆ.

ಕಣ್ಣು ಚೆಂಡಿನ ಮೇಲಿದ್ದರೆ ಅರ್ಧ ಆಟ ಕಾಣುವುದಿಲ್ಲ

ಹೊಸಬರು ರೆಫರಿಗೆ ಬೈಯುವ ಹತ್ತರಲ್ಲಿ ಏಳೆಂಟು ಸಲ ಕಾರಣ ಒಂದೇ: ಚೆಂಡು ಹೋದ ಕಡೆ ನೋಡುತ್ತಿದ್ದರು, ತಪ್ಪು ಆದದ್ದು ಟ್ಯಾಕಲ್ ಬಿದ್ದ ಜಾಗದಲ್ಲಿ. ಆ ಜಾಗಕ್ಕೆ ರಕ್ ಅನ್ನುತ್ತಾರೆ. ಅಲ್ಲಿ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಿ. ಮೂವರು ಸೇರಿ ಒಬ್ಬನನ್ನು ಕೆಡವಿದ್ದಾರೆ. ರೆಫರಿ 'ಹೆಲ್ಡ್' ಅನ್ನುತ್ತಾನೆ. ಈಗ ಮೇಲಿರುವವರು ಏಳಬೇಕು. ಒಬ್ಬ ಎದ್ದ. ಇನ್ನೊಬ್ಬ ಏಳುತ್ತಾ ಎದೆಯ ಮೇಲೆ ಅಂಗೈ ಊರಿ ಒಂದು ಕ್ಷಣ ಕದ್ದ. ಮೂರನೆಯವನ ಕಾಲು ಬಿದ್ದವನ ಕಾಲಿನ ಮೇಲೇ ಉಳಿದಿದೆ. ಈ ಒಂದೆರಡು ಕ್ಷಣದಲ್ಲಿ ಉಳಿದ ರಕ್ಷಕರು ಹಿಂದೆ ಓಡಿ ಸಾಲು ಕಟ್ಟಿಕೊಳ್ಳುತ್ತಾರೆ. ಪಂದ್ಯ ಗೆಲ್ಲುವುದು, ಸೋಲುವುದು ಎಲ್ಲ ಈ ಕದ್ದ ಕ್ಷಣಗಳ ಲೆಕ್ಕದಲ್ಲೇ.

ರೆಫರಿಯ ಮಾತು ಟಿವಿಯಲ್ಲಿ ಕೇಳಿಸುತ್ತದೆ, ಕಿವಿಗೊಡಿ. 'ಸರೆಂಡರ್' ಅಂದರೆ ಚೆಂಡು ಹಿಡಿದವನು ತಾನಾಗಿ ಬಿದ್ದ, ರಕ್ಷಕರಿಗೆ ಎದ್ದೇಳಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. 'ಡಾಮಿನೆಂಟ್' ಅಂದರೆ ರಕ್ಷಕರು ಚೆನ್ನಾಗಿ ಕೆಡವಿದರು, ಆಗಲೂ ಸಮಯ ಸಿಗುತ್ತದೆ. 'ಮೂವ್' ಅಂದರೆ ಸಮಯ ಮುಗಿಯಿತು. ಇಷ್ಟು ಕೇಳಿದಮೇಲೂ ಮೇಲೆ ಮಲಗಿದ್ದರೆ ಶಿಕ್ಷೆ ಬೀಳುವುದು ಸರಿಯೇ.

ಎರಡನೆಯದು ಹತ್ತು ಮೀಟರ್. ಚೆಂಡನ್ನು ಕಾಲಿನಿಂದ ಉರುಳಿಸುವ ಹೊತ್ತಿಗೆ, ಎದುರು ನಿಲ್ಲುವ ಮಾರ್ಕರ್‌ಗಳನ್ನು ಬಿಟ್ಟು ಉಳಿದ ರಕ್ಷಕರೆಲ್ಲ ಹತ್ತು ಮೀಟರ್ ಹಿಂದಿರಬೇಕು. 1993ಕ್ಕೆ ಮುಂಚೆ ಇದು ಐದೇ ಮೀಟರ್ ಇತ್ತು. ಹತ್ತು ಮೀಟರ್ ಎಲ್ಲಿ ಎಂದು ಹುಡುಕಬೇಡಿ, ರೆಫರಿ ನಿಂತಿರುವ ಜಾಗವೇ ಗೆರೆ. ಸ್ಟೇಡಿಯಂನಲ್ಲಿ 'ಗೆಟ್ ಎಮ್ ಆನ್‌ಸೈಡ್!' (ಅವರನ್ನು ಹಿಂದೆ ನಿಲ್ಲಿಸಿ!) ಎಂಬ ಕೂಗು ಏಳುವುದು ಇದಕ್ಕೆ. ಕೂಗುವ ಮುಂಚೆ ರೆಫರಿಯ ಕಾಲನ್ನೂ ಅಂಚಿನ ರಕ್ಷಕನ ಕಾಲನ್ನೂ ಒಂದೇ ನೋಟದಲ್ಲಿ ನೋಡಿ. ಮೂಲೆಯ ಸೀಟಿನಿಂದ ಇದು ಕಾಣುವುದೇ ಇಲ್ಲ. ಆಟ ಕಲಿಯಲು ಹೋಗುವವರು ಮೈದಾನದ ಮಧ್ಯದ ಸಾಲಿನಲ್ಲಿ, ಸ್ವಲ್ಪ ಎತ್ತರದ ಸೀಟು ತೆಗೆದುಕೊಳ್ಳಿ.

ಸಿಕ್ಸ್ ಅಗೇನ್ ಎಂಬ ತಲೆನೋವು

2020ರ ಮೇ ಕೊನೆಯಲ್ಲಿ, ಕೋವಿಡ್ ವಿರಾಮದ ನಂತರ ಟೂರ್ನಿ ಮತ್ತೆ ಶುರುವಾದಾಗ ಎರಡು ಬದಲಾವಣೆ ಬಂದವು. 2009ರಿಂದ ಇದ್ದ ಇಬ್ಬರು ರೆಫರಿಗಳ ಪದ್ಧತಿ ಹೋಗಿ ಒಬ್ಬನೇ ಉಳಿದ. ರಕ್‌ನಲ್ಲಿ ಎಳೆದಾಡಿದರೆ ಶಿಳ್ಳೆ ಹೊಡೆದು ಪೆನಾಲ್ಟಿ ಕೊಡುವ ಬದಲು, ಆಟ ನಿಲ್ಲಿಸದೆ ಟ್ಯಾಕಲ್ ಎಣಿಕೆಯನ್ನು ಸೊನ್ನೆಗೆ ತರುವುದು ಬಂತು. ರೆಫರಿ ತಲೆಯ ಮೇಲೆ ಕೈ ಬೀಸುತ್ತಾನೆ, ಗಂಟೆ ಬಾರಿಸುತ್ತದೆ, ಮತ್ತೆ ಆರು. 2021ರಲ್ಲಿ ಹತ್ತು ಮೀಟರ್ ತಪ್ಪಿಗೂ ಇದನ್ನೇ ಹಚ್ಚಿದರು.

ಕೋಚ್‌ಗಳು ಲೆಕ್ಕ ಹಾಕಿದರು. ಎದುರಾಳಿ ತನ್ನದೇ ಗೆರೆಯ ಹತ್ತಿರ ಮೊದಲ ಟ್ಯಾಕಲ್‌ನಲ್ಲಿದ್ದಾಗ ಬೇಕೆಂದೇ ಮಲಗಿದರೆ ನಷ್ಟ ಎಷ್ಟು? ಒಂದು ಟ್ಯಾಕಲ್. ಹಳೆಯ ಪೆನಾಲ್ಟಿಯಾಗಿದ್ದರೆ ಚೆಂಡನ್ನು ಹೊರಗೆ ಒದ್ದು 30-40 ಮೀಟರ್ ಮುಂದೆ ಬರುತ್ತಿದ್ದರು. ತಪ್ಪು ಇಷ್ಟು ಅಗ್ಗವಾದಮೇಲೆ ಮಾಡದೆ ಬಿಡುವವರು ಯಾರು? ಅದಕ್ಕೇ 2022ರಲ್ಲಿ, ದಾಳಿ ತಂಡ ತನ್ನ 40 ಮೀಟರಿನ ಒಳಗಿದ್ದರೆ ಪೂರ್ತಿ ಪೆನಾಲ್ಟಿಯನ್ನು ಮತ್ತೆ ತಂದರು. ಈ ಗೆರೆಯನ್ನು ಆಗಾಗ ಎಳೆದಾಡುತ್ತಲೇ ಇರುತ್ತಾರೆ. ಪ್ರತಿ ಮಾರ್ಚ್‌ನಲ್ಲಿ ಮೊದಲ ರೌಂಡಿಗೆ ಮುಂಚೆ ಆ ವರ್ಷದ ಬದಲಾವಣೆಗಳನ್ನು ಓದಿಕೊಳ್ಳದೆ ವಾದಕ್ಕೆ ಇಳಿದರೆ ಹಳೇ ಕ್ಯಾಲೆಂಡರ್ ನೋಡಿ ಹಬ್ಬ ಮಾಡಿದ ಹಾಗೆ.

ಸಿಕ್ಸ್ ಅಗೇನ್ ಆಟಕ್ಕೆ ವೇಗ ಕೊಟ್ಟಿತು, ಸರಿ. ಆದರೆ ರೆಫರಿಯಿಂದ ವಿವರಣೆಯನ್ನು ಕಿತ್ತುಕೊಂಡಿತು. ಪೆನಾಲ್ಟಿ ಕೊಟ್ಟರೆ ಯಾರು ಏನು ಮಾಡಿದರು ಎಂದು ಬೆರಳು ತೋರಿಸಬೇಕು. ಇಲ್ಲಿ ಕೈ ಬೀಸಿದರಾಯಿತು. ಒಂದೇ ತಂಡಕ್ಕೆ ಐದು ಸಲ ಗಂಟೆ ಬಾರಿಸಿದಾಗ ನೋಡುವವನಿಗೆ ಪಕ್ಷಪಾತದ ವಾಸನೆ ಬಂದರೆ ಅವನನ್ನು ಪೂರ್ತಿ ದೂರಲಾಗದು.

ಕೈ ಬೀಸಿದ ಎಡವಟ್ಟಿಗೆ ಹಿರಿಯರೆಲ್ಲ ಕೊಡುವ ಉದಾಹರಣೆ 2019ರ ಗ್ರ್ಯಾಂಡ್ ಫೈನಲ್. ಕ್ಯಾನ್‌ಬೆರಾ ರೇಡರ್ಸ್, ಸಿಡ್ನಿ ರೂಸ್ಟರ್ಸ್ 8-8 ಸಮ, ಎಂಟು ನಿಮಿಷದಷ್ಟು ಬಾಕಿ. ಒದ್ದ ಚೆಂಡು ಎದುರಾಳಿಗೆ ತಾಗಿ ಮರಳಿ ಸಿಕ್ಕರೆ ಎಣಿಕೆ ಆಗಲೂ ಹೊಸದಾಗಿ ಶುರುವಾಗುತ್ತಿತ್ತು; ಕ್ಯಾನ್‌ಬೆರಾ ಒದ್ದ ಚೆಂಡು ಹಾಗೆ ತಾಗಿತೆಂದು ರೆಫರಿ ಕೈ ಬೀಸಿ ಮತ್ತೆ ಆರು ಎಂದು ಸನ್ನೆ ಮಾಡಿದ. ಮರುಗಳಿಗೆ ಅಲ್ಲ, ಇದೇ ಕೊನೆಯ ಟ್ಯಾಕಲ್ ಎಂದ. ಸನ್ನೆ ನೋಡಿದ್ದ ಜ್ಯಾಕ್ ವೈಟನ್ ಒದೆಯದೆ ಚೆಂಡು ಹಿಡಿದು ಟ್ಯಾಕಲ್‌ಗೆ ಸಿಕ್ಕ. ಚೆಂಡು ಎದುರಾಳಿಗೆ ಹೋಯಿತು, ಅದೇ ಆರು ಟ್ಯಾಕಲ್‌ಗಳ ಸರದಿಯಲ್ಲಿ ರೂಸ್ಟರ್ಸ್‌ನ ಜೇಮ್ಸ್ ಟೆಡೆಸ್ಕೊ ಟ್ರೈ ಹೊಡೆದ, ಪಂದ್ಯ 14-8. ಎರಡನೇ ತೀರ್ಪೇ ಸರಿ, ಚೆಂಡು ರೂಸ್ಟರ್ಸ್‌ನವರಿಗೆ ತಾಗಿರಲಿಲ್ಲ. ತಪ್ಪಿದ್ದು ಮೊದಲಿನ ಸನ್ನೆ. ಕ್ಯಾನ್‌ಬೆರಾದವರ ಹತ್ತಿರ ಈ ಸೂಕ್ಷ್ಮ ಬಿಡಿಸಿ ಹೇಳಲು ಹೋಗಬೇಡಿ.

ಫಾರ್ವರ್ಡ್ ಪಾಸ್, ನಾಕ್-ಆನ್, ಕಿತ್ತುಕೊಳ್ಳುವುದು

ಪಾಸ್ ಮುಂದಕ್ಕೆ ಹೋಯಿತೋ ಇಲ್ಲವೋ ಎಂದು ನೋಡಬೇಕಾದದ್ದು ನೆಲದ ಗೆರೆಗಳ ಮೇಲಲ್ಲ, ಕೈಯಲ್ಲಿ. ಸೆಕೆಂಡಿಗೆ 8 ಮೀಟರ್ ಓಡುವವನು ಚೆಂಡನ್ನು 3 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆದರೂ ನೆಲದ ಲೆಕ್ಕದಲ್ಲಿ ಅದು 5 ಮೀಟರ್ ವೇಗದಲ್ಲಿ ಮುಂದಕ್ಕೇ ಸಾಗುತ್ತದೆ. ಕೈ ಹಿಂದಕ್ಕೆ ತಿರುಗಿದ್ದರೆ ಪಾಸ್ ಸರಿ. ಟಿವಿಯಲ್ಲಿ ಹತ್ತು ಮೀಟರ್ ಗೆರೆ ದಾಟಿದ್ದು ಕಂಡು ಕಿರುಚುವವರು ಮರೆಯುವುದು ಇದನ್ನೇ. ಕ್ಯಾಮೆರಾದ ಕೋನ ಹೀಗೆ ದಾರಿ ತಪ್ಪಿಸುವುದರಿಂದಲೇ ಈ ತೀರ್ಪನ್ನು ಬಂಕರ್‌ಗೆ (ವಿಡಿಯೊ ನೋಡಿ ತೀರ್ಪು ಕೊಡುವವರಿಗೆ) ಕೊಡದೆ ಮೈದಾನದವರಿಗೇ ಬಿಟ್ಟಿದ್ದರು.

ನಾಕ್-ಆನ್ ಅಂದರೆ ಕೈ ಅಥವಾ ತೋಳಿಗೆ ತಾಗಿ ಚೆಂಡು ಮುಂದಕ್ಕೆ ಬೀಳುವುದು. ಹಿಂದಕ್ಕೆ ಬಿದ್ದರೆ, ತಲೆಗೋ ಕಾಲಿಗೋ ತಾಗಿದ್ದರೆ ಆಟ ಮುಂದುವರಿಯುತ್ತದೆ. ಚೆಂಡು ಕಿತ್ತುಕೊಳ್ಳುವ ನಿಯಮದಲ್ಲಿ ಎಣಿಸುವುದು ಬಲವನ್ನಲ್ಲ, ತಲೆಗಳನ್ನು. ಒಬ್ಬನೇ ಹಿಡಿದಿದ್ದರೆ ಕಿತ್ತುಕೊಳ್ಳಬಹುದು, ಇಬ್ಬರಿದ್ದರೆ ಪೆನಾಲ್ಟಿ. 2019ರಿಂದ, ಇಬ್ಬರಿದ್ದು ಒಬ್ಬ ಮೊದಲೇ ಕೈಬಿಟ್ಟರೆ ಉಳಿದವನು ಕಿತ್ತುಕೊಳ್ಳಬಹುದು. ಆ 'ಮೊದಲೇ' ಎಂಬುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಜಗಳ ಇಲ್ಲಿಂದಲೇ ಶುರು.

ಬಂಕರ್ ಮತ್ತು ಕ್ಯಾಪ್ಟನ್ಸ್ ಚಾಲೆಂಜ್

2016ರಲ್ಲಿ ಸಿಡ್ನಿಯ ಈವ್ಲಿಯಲ್ಲಿ ತೆರೆದ ವಿಡಿಯೊ ಕೊಠಡಿಗೆ ಬಂಕರ್ ಎಂದು ಹೆಸರು. ಮೈದಾನದ ರೆಫರಿ ಮೊದಲು ತನ್ನ ತೀರ್ಪು ಹೇಳುತ್ತಾನೆ, ಟ್ರೈ ಅಥವಾ ನೋ ಟ್ರೈ. ಸಾಕಷ್ಟು ಸಾಕ್ಷಿ ಸಿಕ್ಕರೆ ಮಾತ್ರ ಬಂಕರ್ ಅದನ್ನು ಬದಲಿಸುತ್ತದೆ. ಕ್ರಿಕೆಟ್ಟಿನ ಅಂಪೈರ್ಸ್ ಕಾಲ್‌ಗೆ ಒಗ್ಗಿದವರಿಗೆ ಇದು ಕಷ್ಟವಲ್ಲ. ಚೆಂಡನ್ನು ನೆಲಕ್ಕೆ ಒತ್ತುವಾಗ ಕೈಗೂ ಚೆಂಡಿಗೂ ನಡುವೆ ಬೆಳಕು ಕಂಡಿತೇ ಎಂದು ಹತ್ತು ಸಲ ತಿರುಗಿಸಿ ನೋಡುತ್ತಾರೆ. ಮೂಲೆಯ ಕಂಬಕ್ಕೆ ತಾಗಿದರೂ ಔಟ್ ಅಲ್ಲ, ಗೆರೆಗೋ ಹೊರಗಿನ ನೆಲಕ್ಕೋ ತಾಗಿದರೆ ಮಾತ್ರ ಔಟ್.

ಹೊಸಬರಿಗೆ ಕೊನೆಯವರೆಗೂ ಅರ್ಥವಾಗದ್ದು ಅಬ್‌ಸ್ಟ್ರಕ್ಷನ್. ದಾಳಿಯವನೊಬ್ಬ ಚೆಂಡು ಸಿಗುವವನ ಹಾಗೆ ಓಡಿ ರಕ್ಷಕನ ಕಣ್ಣಿಗೆ ಮಣ್ಣೆರಚುತ್ತಾನೆ, ಪಾಸ್ ಅವನ ಬೆನ್ನ ಹಿಂದಿನಿಂದ ಹೋಗುತ್ತದೆ. ಅವನು ರಕ್ಷಕರ ಸಾಲನ್ನು ದಾಟಿ ಹೋದರೆ ತಪ್ಪಿಲ್ಲ. ಸಾಲಿನಲ್ಲೇ ನಿಂತುಬಿಟ್ಟರೆ, ಅಥವಾ ರಕ್ಷಕನ ಹೊರ ಭುಜಕ್ಕೆ ಗುದ್ದಿ ಅವನನ್ನು ತಡೆದರೆ ಟ್ರೈ ಹೋಯಿತು. ರೀಪ್ಲೇಯಲ್ಲಿ ಚೆಂಡನ್ನು ಮರೆತು ಆ ಭುಜವನ್ನೇ ನೋಡಿ.

2020ರಿಂದ ಪ್ರತಿ ತಂಡಕ್ಕೂ ಪಂದ್ಯಕ್ಕೆ ಒಂದು ಚಾಲೆಂಜ್, ಅಂದರೆ ರೆಫರಿಯ ತೀರ್ಪನ್ನು ಬಂಕರ್‌ನಲ್ಲಿ ಪ್ರಶ್ನಿಸುವ ಅವಕಾಶ. ಗೆದ್ದರೆ ಉಳಿಯುತ್ತದೆ, ಸೋತರೆ ಹೋಯಿತು. ರೆಫರಿ ಆಟ ನಿಲ್ಲಿಸಿದಾಗ ಹತ್ತು ಸೆಕೆಂಡಿನೊಳಗೆ ಕ್ಯಾಪ್ಟನ್ ಕೇಳಬೇಕು. ಸಿಕ್ಸ್ ಅಗೇನ್‌ನಲ್ಲಿ ಆಟವೇ ನಿಲ್ಲುವುದಿಲ್ಲ, ಚಾಲೆಂಜ್ ಎಲ್ಲಿಂದ ಬಂತು? ವ್ಯರ್ಥವಾಗುವ ಚಾಲೆಂಜ್‌ಗಳ ಕಥೆ ಹೆಚ್ಚೂಕಡಿಮೆ ಒಂದೇ: ಚೆಂಡು ಕೈಬಿಟ್ಟ ವಿಂಗರ್ ನಾನು ಮುಟ್ಟಲೇ ಇಲ್ಲ ಎಂದು ಪ್ರಮಾಣ ಮಾಡುತ್ತಾನೆ, ಕ್ಯಾಪ್ಟನ್ ನಂಬುತ್ತಾನೆ. ಮೊದಲ ಅರ್ಧದಲ್ಲಿ ಮೈದಾನದ ನಡುವಿನ ಸಣ್ಣ ನಾಕ್-ಆನ್‌ಗೆ ಚಾಲೆಂಜ್ ಸುಡುವುದು ದಡ್ಡತನ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ತಲೆಗೆ ತಾಗುವ ಟ್ಯಾಕಲ್‌ಗೆ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆ ಇದೆ: ಪೆನಾಲ್ಟಿ, ಆನ್ ರಿಪೋರ್ಟ್ (ಪಂದ್ಯದ ನಂತರ ವಿಚಾರಣೆಗೆ ದೂರು), ಹತ್ತು ನಿಮಿಷ ಸಿನ್ ಬಿನ್ (ಆಟದಿಂದ ತಾತ್ಕಾಲಿಕವಾಗಿ ಹೊರಗೆ), ಪೂರ್ತಿ ಹೊರಗೆ. ಚೆಂಡಿನವನು ಜಾರಿ ಬೀಳುತ್ತಿದ್ದನೇ ಎಂಬುದನ್ನೂ ತೂಗುತ್ತಾರೆ. ಶಿಕ್ಷೆ ಬಿಗಿ ಮಾಡಿದ್ದು ಸರಿ, ಹಠಾತ್ತಾಗಿ ಮಾಡಿದ್ದು ಸರಿಯಲ್ಲ. 2021ರ ಮೇನಲ್ಲಿ ಬ್ರಿಸ್ಬೇನಿನ ಮ್ಯಾಜಿಕ್ ರೌಂಡ್‌ನಿಂದ (ಒಂದು ರೌಂಡಿನ ಪಂದ್ಯಗಳೆಲ್ಲ ಒಂದೇ ಮೈದಾನದಲ್ಲಿ ನಡೆಯುವ ವಾರಾಂತ್ಯ) ಏಕಾಏಕಿ ಕಟ್ಟುನಿಟ್ಟು ಶುರುವಾಗಿ, ಆಟಗಾರರು ಸಾಲುಸಾಲಾಗಿ ಹೊರನಡೆದರು. ಹಿಂದಿನ ವಾರ ಪೆನಾಲ್ಟಿಯಾಗಿದ್ದದ್ದು ಈ ವಾರ ಹತ್ತು ನಿಮಿಷವಾದರೆ ಯಾವ ಅಭಿಮಾನಿ ಒಪ್ಪುತ್ತಾನೆ?

ಹದಿಮೂರರ ಆಯ್ಕೆ

ಜೆರ್ಸಿ ನಂಬರ್ ಎಂದರೆ ಕೆಲಸದ ಹೆಸರು. 1 ಫುಲ್‌ಬ್ಯಾಕ್, 2 ಮತ್ತು 5 ವಿಂಗ್, 3 ಮತ್ತು 4 ಸೆಂಟರ್, 6 ಫೈವ್-ಎಯ್ತ್, 7 ಹಾಫ್‌ಬ್ಯಾಕ್, 8 ಮತ್ತು 10 ಪ್ರಾಪ್, 9 ಹೂಕರ್, 11 ಮತ್ತು 12 ಸೆಕೆಂಡ್ ರೋ, 13 ಲಾಕ್. ಇದರಲ್ಲಿ 1, 6, 7, 9 ಸೇರಿದರೆ ಸ್ಪೈನ್, ತಂಡದ ಬೆನ್ನುಮೂಳೆ. ವಿಂಗರ್ ಬದಲಾದರೆ ತಂಡ ತಡೆದುಕೊಳ್ಳುತ್ತದೆ, 7 ಬದಲಾದರೆ ಒದೆತ, ಪಾಸಿನ ಲಯ ಎಲ್ಲ ಹೊಸದಾಗಿ ಕಟ್ಟಬೇಕು.

ಅಭಿಮಾನಿಗಳ ನಿಜವಾದ ಜಗಳ ಬೆಂಚಿನದ್ದು. 2016ರಿಂದ ಪಂದ್ಯಕ್ಕೆ ಎಂಟೇ ಇಂಟರ್‌ಚೇಂಜ್, ಅಂದರೆ ಆಟಗಾರರ ಅದಲುಬದಲು. ಇಬ್ಬರು ಪ್ರಾಪ್‌ಗಳು 25ನೇ ನಿಮಿಷದ ಆಸುಪಾಸು ಹೊರಬಂದರೆ ಎರಡು ಖರ್ಚು, ಮತ್ತೆ ಒಳಹೋದರೆ ನಾಲ್ಕು, ಕೊನೆಗೆ ಇನ್ನೊಮ್ಮೆ ಇಳಿದರೆ ಆರು. ಉಳಿದ ಎಲ್ಲರಿಗೂ ಸೇರಿ ಎರಡೇ. ಇಂಥಲ್ಲಿ ಬೆಂಚಿನ 14ನೇ ನಂಬರಿಗೆ ಯುಟಿಲಿಟಿ (ಹಲವು ಜಾಗಗಳಲ್ಲಿ ಆಡಬಲ್ಲ) ಆಟಗಾರನನ್ನು ಇಟ್ಟರೆ ಯಾರಿಗೂ ಗಾಯವಾಗದ ದಿನ ಅವನು ಬೆಂಚು ಬಿಸಿ ಮಾಡುತ್ತಾ ಕೂರುತ್ತಾನೆ, ಮುಂಚೂಣಿಯವರು ಸುಸ್ತಾಗುತ್ತಾರೆ. ಇಡದೆ ಹೋಗಿ ಹತ್ತನೇ ನಿಮಿಷದಲ್ಲಿ ಹೂಕರ್ ಬಿದ್ದರೆ, 110 ಕಿಲೋ ಪ್ರಾಪ್ ಒಬ್ಬ ಬಗ್ಗಿ ಬಗ್ಗಿ ಪಾಸ್ ಕೊಡುವ ಫಜೀತಿ.

ಸ್ಟೇಟ್ ಆಫ್ ಆರಿಜಿನ್‌ನಲ್ಲಿ ಇದೇ ಜಗಳ ರಾಜ್ಯಕ್ಕೆ ಹಬ್ಬುತ್ತದೆ. ನ್ಯೂ ಸೌತ್ ವೇಲ್ಸ್ ನೀಲಿ, ಕ್ವೀನ್ಸ್‌ಲ್ಯಾಂಡ್ ಕೆಂಗಂದು. 1980ರಲ್ಲಿ ಶುರು, 1982ರಿಂದ ಮೂರು ಪಂದ್ಯಗಳ ಸರಣಿ. ಯಾವ ಕ್ಲಬ್ಬಿಗೆ ಆಡುತ್ತಾನೆ ಎಂಬುದು ಲೆಕ್ಕಕ್ಕಿಲ್ಲ, 13 ತುಂಬುವ ಮುಂಚೆ ಎಲ್ಲಿ ವಾಸವಿದ್ದ ಎಂಬುದು ಮುಖ್ಯ. ಸಿಡ್ನಿಯಲ್ಲಿದ್ದು 'ನನಗೆ ಇಬ್ಬರೂ ಒಂದೇ' ಅನ್ನಬೇಡಿ, ನೀಲಿ ಅಂದುಬಿಡಿ.

ಮಕ್ಕಳ ಪಂದ್ಯಕ್ಕೆ ಹೋಗುವವರಿಗೆ ಒಂದು ಮಾತು. ವಾರಾಂತ್ಯದ ಜೂನಿಯರ್ ಪಂದ್ಯಗಳಲ್ಲಿ ಶಿಳ್ಳೆ ಹಿಡಿದವರು ಹೆಚ್ಚಾಗಿ ಹೈಸ್ಕೂಲಿನ ಹುಡುಗ ಹುಡುಗಿಯರು. ಟಿವಿ ರೆಫರಿಗೆ ಸೋಫಾದಿಂದ ಏನು ಬೇಕಾದರೂ ಅನ್ನಿ, ಇವರಿಗೆ ಬಾಯಿ ಬಿಡಬೇಡಿ.

ಇನ್ನು ಆಫೀಸಿನ ಟಿಪ್ಪಿಂಗ್. ಪ್ರತಿ ರೌಂಡಿನಲ್ಲಿ ಯಾರು ಗೆಲ್ಲುತ್ತಾರೆಂದು ಊಹಿಸುವ ಪಂದ್ಯ, ಸೇರಿಕೊಳ್ಳಿ, ಪರಿಚಯ ಬೆಳೆಯುತ್ತದೆ. ಮಂಗಳವಾರ ಸಂಜೆ 4ಕ್ಕೆ ತಂಡಗಳ ಪಟ್ಟಿ ಬರುತ್ತದೆ. ಮೊದಲು 7 ಮತ್ತು 9 ನೋಡಿ, ಆಮೇಲೆ ಬೆಂಚು. ಆರಿಜಿನ್ ವಾರಗಳಲ್ಲಿ ತಾರೆಯರಿಲ್ಲದ ದೊಡ್ಡ ಕ್ಲಬ್ಬನ್ನು ಕಣ್ಣು ಮುಚ್ಚಿ ಆರಿಸಬೇಡಿ. ಪಂದ್ಯಕ್ಕೆ 24 ಗಂಟೆ ಮುಂಚೆ ಪಟ್ಟಿ ಕಿರಿದಾಗುತ್ತದೆ, ಅಂತಿಮ ಹೆಸರು ಒಂದು ಗಂಟೆ ಮುಂಚೆ. ನಿಮ್ಮ ಆಫೀಸಿನಲ್ಲಿ ಒಂದೊಂದು ಪಂದ್ಯಕ್ಕೂ ಬೇರೆ ಬೇರೆ ಗಡುವೋ, ಗುರುವಾರ ಮೊದಲ ಪಂದ್ಯದೊಂದಿಗೇ ಇಡೀ ರೌಂಡಿಗೆ ಬೀಗವೋ, ಮೊದಲೇ ಕೇಳಿಟ್ಟುಕೊಳ್ಳಿ.