ಎಡಗೈಯನ್ನೂ ಹಾಡಿಸಿ: ಪಿಯಾನೊದಲ್ಲಿ ಮೊದಲ ಬರೋಕ್ ಕೃತಿ ಕಲಿಯುವುದು ಹೇಗೆ?

ಪಿಯಾನೊ ಕಲಿಯಲು ಶುರುಮಾಡಿದ ಹೆಚ್ಚಿನವರ ಕೈಗೆ ಇವತ್ತಲ್ಲ ನಾಳೆ ಬಂದೇ ಬರುವ ಕೃತಿ ಜಿ ಮೇಜರ್ ಮಿನ್ಯುಯೆಟ್ ಎಂಬ ಪುಟ್ಟ ನೃತ್ಯಸಂಗೀತ. ಇರುವುದು 32 ಬಾರ್ (ಗೆರೆಯಿಂದ ಗೆರೆಗೆ ಮೂರು ಎಣಿಕೆಯ ಒಂದೊಂದು ತುಂಡು) ಮಾತ್ರ. ಬಲಗೈ ರಾಗ ಎರಡು ದಿನದಲ್ಲಿ ಕೂತುಬಿಡುತ್ತದೆ. ಆಮೇಲೆ ಎರಡೂ ಕೈ ಸೇರಿಸಲು ಹೊರಟಾಗ ಎಲ್ಲ ಕಲಸಿಹೋಗುತ್ತದೆ. ವಾರಗಟ್ಟಲೆ ಮೊದಲ ಸಾಲಿನಲ್ಲೇ ಎಡವಿ, ಕೊನೆಗೆ ಕೃತಿಯನ್ನೇ ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಬಹುಪಾಲು ಜನಕ್ಕೆ ಪ್ರತಿಭೆಯ ಕೊರತೆ ಇರಲಿಲ್ಲ. ಎಡಗೈಯನ್ನು ಪಕ್ಕವಾದ್ಯ ಎಂದುಕೊಂಡಿದ್ದರು, ಅಷ್ಟೇ. ಬರೋಕ್ ಸಂಗೀತದಲ್ಲಿ, ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತದಲ್ಲಿ, ಎಡಗೈ ಪಕ್ಕವಾದ್ಯವಲ್ಲ, ಅದೂ ಒಂದು ಗಾಯನ. ಕಲಿಯುವ ಕ್ರಮವೆಲ್ಲ ಇದೊಂದು ತಿಳಿವಳಿಕೆಯ ಮೇಲೆ ನಿಂತಿದೆ.

ಇದನ್ನು 'ಬಾಖ್ ಮಿನ್ಯುಯೆಟ್' ಎಂದೇ ಜನ ಕರೆಯುತ್ತಾರೆ. ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಪತ್ನಿ ಅನ್ನಾ ಮಗ್ದಲೇನಾ 1725ರಲ್ಲಿ ಶುರುಮಾಡಿದ ಸಂಗೀತದ ಪುಸ್ತಕದಲ್ಲಿ ರಚನಕಾರನ ಹೆಸರಿಲ್ಲದೆ ಇದು ದಾಖಲಾಗಿತ್ತು. ಬರೆದವರು ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬುದು 1970ರ ದಶಕದಲ್ಲಷ್ಟೇ ಖಚಿತವಾಯಿತು. ಸ್ವರಲಿಪಿಯ ಹಾಳೆ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಹಂತ 1: ಒಳ್ಳೆಯ ಹಾಳೆ

ಅಂಗಡಿಯಲ್ಲಿ ಸಿಗುವ 'ಸುಲಭ ಪಿಯಾನೊ' ಪುಸ್ತಕಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಎಡಗೈ ಸಾಲನ್ನು ಕಿತ್ತುಹಾಕಿ ಆ ಜಾಗಕ್ಕೆ ಮೂರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ತುರುಕಿರುತ್ತಾರೆ. ಅದನ್ನು ಕಲಿತರೆ ಮುಂದೆ ಮರೆಯಬೇಕಾದ ಪಾಠ ಒಂದು ಹೆಚ್ಚುತ್ತದೆ. ಇನ್ನು ಕೆಲವು ಹಳೆಯ ಮುದ್ರಣಗಳಲ್ಲಿ ಉದ್ದುದ್ದ ಸ್ಲರ್‌ಗಳು (ಸ್ವರಗಳನ್ನು ಜೋಡಿಸುವ ಬಾಗುಗೆರೆಗಳು), ಜೋರು-ಮೆಲು ಸೂಚನೆಗಳು ಕಿಕ್ಕಿರಿದಿರುತ್ತವೆ. ಅವು ನಂತರದ ಸಂಪಾದಕರು ಸೇರಿಸಿದವು. 'ಉರ್‌ಟೆಕ್ಸ್ಟ್' (ಮೂಲಪಾಠ) ಎಂದು ನಮೂದಿಸಿದ ಪ್ರತಿ ಕೊಳ್ಳಿ. ಇಲ್ಲವೇ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಬಾಖ್ ಸಮಗ್ರ ಸಂಪುಟಗಳ ಹಾಳೆಯನ್ನು ಮುದ್ರಿಸಿಕೊಳ್ಳಿ. ಪರದೆಯ ಮೇಲೆ ಬಣ್ಣದ ಪಟ್ಟಿಗಳು ಬೀಳುವ ವಿಡಿಯೊ ನೋಡಿ ಕಲಿಯುವುದಂತೂ ಬೇಡವೇ ಬೇಡ. ಯಾವ ಕೀ ಒತ್ತಬೇಕೆಂದು ಅದು ತೋರಿಸುತ್ತದೆ. ಯಾವ ಬೆರಳಿನಿಂದ ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ಕಲಿಸುವುದಿಲ್ಲ. ಬರೋಕ್‌ನಲ್ಲಿ ಬಿಡುವುದು ಒತ್ತುವಷ್ಟೇ ಮುಖ್ಯ.

ವಾದ್ಯ ಯಾವುದಾದರೂ ಆಗಬಹುದು. 61 ಕೀಗಳ ಕೀಬೋರ್ಡ್‌ನಲ್ಲೂ ಈ ಕೃತಿ ಪೂರ್ತಿ ಹಿಡಿಸುತ್ತದೆ. ಸಸ್ಟೇನ್ ಪೆಡಲ್ (ಕೀ ಬಿಟ್ಟರೂ ಸ್ವರ ಉಳಿಸುವ ಕಾಲುಪಟ್ಟಿ) ಇದ್ದರೆ ಕಾಲಿಗೆ ಸಿಗದಂತೆ ಪಕ್ಕಕ್ಕಿಡಿ.

ಹಂತ 2: ಬೆರಳುಗಳ ಸಂಖ್ಯೆ ಬರೆದುಕೊಳ್ಳಿ

ಹೆಬ್ಬೆರಳು 1, ಕಿರುಬೆರಳು 5. ಬಲಗೈ ಮೊದಲ ಬಾರ್‌ನ ಡಿ, ಜಿ, ಎ, ಬಿ, ಸಿ ಸ್ವರಗಳಿಗೆ 5, 1, 2, 3, 4. ಎರಡನೇ ಬಾರ್ ಮತ್ತೆ 5ರಿಂದ. ಮೂರನೇ ಬಾರ್‌ಗೆ ಕೈಯನ್ನು ಮೇಲಕ್ಕೆ ಸರಿಸಿ ಹೆಬ್ಬೆರಳನ್ನು ಸಿ ಮೇಲೆ ತಂದರೆ, ಇ ಸ್ವರಕ್ಕೆ 3 ತಾನಾಗಿ ಸಿಗುತ್ತದೆ. ಎಡಗೈ ಇನ್ನೂ ಸುಲಭ: ಜಿ ಮೇಲೆ 5, ಡಿ ಮೇಲೆ 1 ಇಟ್ಟರೆ ಮೊದಲ ಏಳು ಬಾರ್ ಕೈ ಕದಲಿಸುವಂತಿಲ್ಲ. ಪೆನ್ಸಿಲ್‌ನಲ್ಲಿ ಬರೆಯಿರಿ, ಬರೆದದ್ದನ್ನು ದಿನಕ್ಕೊಂದು ರೀತಿ ಬದಲಿಸಬೇಡಿ.

ಹಂತ 3: ಎಡಗೈ ಮೊದಲು

ಬಲಗೈ ರಾಗ ನಿಮಗೆ ಕೇಳಿಯೇ ಗೊತ್ತಿರುತ್ತದೆ, ಅದು ಕಾಯಲಿ. ಎಡಗೈಯೊಂದನ್ನೇ ನುಡಿಸಿ, ಜೊತೆಗೆ ಬಾಯಲ್ಲಿ ಗುನುಗಿ. ಮೊದಲ ಬಾರ್‌ನ ಕಾರ್ಡ್ ಆದಮೇಲೆ ಎ, ಬಿ, ಸಿ ಎಂದು ಹತ್ತಿ, ಬಿ, ಎ, ಜಿ ಎಂದು ಇಳಿಯುತ್ತದೆ. ಕಡಿಮೆ ಸ್ವರಗಳಿದ್ದರೂ ಅದೊಂದು ಪೂರ್ಣ ರಾಗ. ವಾದ್ಯವಿಲ್ಲದೆ ಅದನ್ನು ಗುನುಗಲು ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ಎರಡು ಕೈ ಸೇರಿಸುವುದು

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಮೊದಲ ತಪ್ಪು, ಇಡೀ ಸಾಲನ್ನು ಒಮ್ಮೆಗೇ ಸೇರಿಸಲು ಹೋಗುವುದು. ಒಂದು ಬಾರ್ ಮತ್ತು ಮುಂದಿನ ಬಾರ್‌ನ ಮೊದಲ ಸ್ವರ, ಇಷ್ಟೇ ತೆಗೆದುಕೊಳ್ಳಿ. ಆ ಒಂದು ಸ್ವರ ಸೇರಿಸದೆ ಬಾರ್‌ಗಳನ್ನು ಬಿಡಿಬಿಡಿಯಾಗಿ ಕಲಿತವರು ಪ್ರತಿ ಗೆರೆ ದಾಟುವಾಗಲೂ ತಡವರಿಸುತ್ತಾರೆ. ಮೆಟ್ರೊನೋಮ್ (ಸಮನಾಗಿ ಟಿಕ್ ಎನ್ನುವ ಎಣಿಕೆ ಯಂತ್ರ) ನಿಮಿಷಕ್ಕೆ 60ಕ್ಕಿರಲಿ, ಎಣಿಕೆಗೊಂದು ಕ್ರಾಚೆಟ್ (ಒಂದು ಎಣಿಕೆಯ ಸ್ವರ). ಅದೂ ವೇಗ ಅನ್ನಿಸಿದರೆ 50.

ಮೊದಲ ಬಾರ್ ನೋಡಿ. ಒಂದನೇ ಎಣಿಕೆಗೆ ಎಡಗೈಯಲ್ಲಿ ಕಾರ್ಡ್, ಬಲಗೈಯಲ್ಲಿ ಡಿ. ಎರಡನೇ ಎಣಿಕೆಗೆ ಬಲಗೈ ಜಿ, ಎ ನುಡಿಸುವಾಗ ಕಾರ್ಡ್ ಒತ್ತಿಯೇ ಇರಬೇಕು. ಮೂರನೇ ಎಣಿಕೆಗೆ ಎಡಗೈ ಎ, ಬಲಗೈ ಬಿ ಒಟ್ಟಿಗೆ ಬೀಳುತ್ತವೆ. ಆ ಎರಡು ಸ್ವರ ಸೇರಿದಾಗ ಸ್ವಲ್ಪ ಒರಟಾಗಿ ಕೇಳುತ್ತದೆ. ತಪ್ಪು ಕೀ ಒತ್ತಿದೆ ಅಂದುಕೊಂಡು ಕಲಿಯುವವರು ಇಲ್ಲಿ ನಿಂತುಬಿಡುತ್ತಾರೆ. ತಪ್ಪಿಲ್ಲ, ಮುಂದೆ ಹೋಗಿ. ಮುಂದಿನ ಎಣಿಕೆಗೆ ಬಿ ಮತ್ತು ಡಿ ಬಂದು ಕಿವಿಗೆ ಹಿತವಾಗುತ್ತದೆ.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಎರಡರಿಂದ ಆರನೇ ಬಾರ್‌ವರೆಗೆ ಎಡಗೈಗೆ ಬಾರ್‌ಗೊಂದೇ ಸ್ವರ, ಮೂರು ಎಣಿಕೆ ಪೂರ್ತಿ. ಬಲಗೈ ಓಡುತ್ತಿದ್ದರೆ ಎಡಗೈ ಬೆರಳು ನಮಗೆ ಗೊತ್ತಿಲ್ಲದೆಯೇ ಮೇಲೆದ್ದುಬಿಡುತ್ತದೆ. ಎದ್ದರೆ ಏನು ನಷ್ಟ? ಮೂರನೇ ಬಾರ್‌ನ ಕೊನೆಯಲ್ಲಿ ಬಲಗೈ ಎಫ್ ಶಾರ್ಪ್ (ಎಫ್‌ನ ಬಲಪಕ್ಕದ ಕಪ್ಪು ಕೀ) ಮುಟ್ಟುತ್ತದೆ, ಕೆಳಗೆ ಎಡಗೈಯ ಸಿ ಕಾಯುತ್ತಿರುತ್ತದೆ. ಆ ಎರಡರ ನಡುವೆ ಒಂದು ಬಿಗಿತವಿದೆ. ನಾಲ್ಕನೇ ಬಾರ್‌ಗೆ ಎಫ್ ಶಾರ್ಪ್ ಮೇಲೇರಿ ಜಿ ಆಗುತ್ತದೆ, ಸಿ ಕೆಳಗಿಳಿದು ಬಿ ಆಗುತ್ತದೆ, ಬಿಗಿತ ಸಡಿಲುತ್ತದೆ. ಇಡೀ ಸಾಲಿನ ಜೀವ ಈ ಜಾಗದಲ್ಲಿದೆ. ಸಿ ಬೇಗ ಬಿಟ್ಟವರಿಗೆ ಇದು ಕೇಳಿಸುವುದೇ ಇಲ್ಲ.

ಬೆರಳು ಎದ್ದಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ: ಡಿಜಿಟಲ್ ವಾದ್ಯವಿದ್ದರೆ ಪಿಯಾನೊ ಬದಲು ಆರ್ಗನ್ ಧ್ವನಿ ಹಾಕಿ. ಪಿಯಾನೊ ಸ್ವರ ತಾನಾಗಿ ಕ್ಷೀಣಿಸುವುದರಿಂದ ಬೆರಳು ಎದ್ದದ್ದು ಮುಚ್ಚಿಹೋಗುತ್ತದೆ. ಆರ್ಗನ್ ಧ್ವನಿ ಕೀ ಒತ್ತಿರುವಷ್ಟು ಹೊತ್ತೂ ಒಂದೇ ಸಮ ನಿಲ್ಲುತ್ತದೆ, ಬಿಟ್ಟ ಕ್ಷಣ ಕಡಿದುಹೋಗುತ್ತದೆ. ದಿನಕ್ಕೆ ಐದು ನಿಮಿಷ ಹೀಗೆ ನುಡಿಸಿದರೆ ಕಿವಿಯೇ ಬೆರಳನ್ನು ತಿದ್ದುತ್ತದೆ.

ಎಂಟನೇ ಬಾರ್‌ನಲ್ಲಿ ಪಾತ್ರ ಅದಲುಬದಲು. ಬಲಗೈ ಎ ಸ್ವರವನ್ನು ಮೂರು ಎಣಿಕೆ ಹಿಡಿದಿರುತ್ತದೆ. ಎಡಗೈ ಡಿಯಿಂದ ಒಂದು ಆಕ್ಟೇವ್ (ಸ್ಥಾಯಿ) ಕೆಳಗಿನ ಡಿಗೆ ಹಾರಿ, ಅಲ್ಲಿಂದ ಸಿಗೆ ನೆಗೆದು, ಬಿ, ಎ ಎಂದು ಇಳಿಯುತ್ತದೆ. ಈಗ ಬಲಗೈ ಬೆರಳು ಏಳುತ್ತದೆ! ಈ ಒಂದು ಬಾರ್ ಅನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ಮೊದಲು ಎಡಗೈ ನೆಗೆತ ಮಾತ್ರ, ಕಣ್ಣು ಕೀ ಮೇಲಿರಲಿ. ಆಮೇಲೆ ಬಲಗೈ ಎ ಒತ್ತಿ ಹಿಡಿದು ಅದೇ ನೆಗೆತ.

ತಪ್ಪಾದಾಗ ಮೊದಲಿನಿಂದ ಶುರುಮಾಡುವ ಚಟ ಬಿಡಿ. ಮೊದಲ ನಾಲ್ಕು ಬಾರ್ ಮಾತ್ರ ಹೊಳೆಯುತ್ತ, ಉಳಿದದ್ದು ಮಂಕಾಗುವುದು ಇದರಿಂದಲೇ. ತಪ್ಪಾದ ಬಾರ್‌ನ ಹಿಂದಿನ ಬಾರ್‌ಗೆ ಹೋಗಿ, ಅಲ್ಲಿಂದ ಹಿಡಿಯಿರಿ.

ಹಂತ 5: ಎರಡನೇ ಅರ್ಧ ಹಿಂದಿನಿಂದ

17ನೇ ಬಾರ್‌ನಿಂದ ಶುರುವಾಗುವ ಭಾಗವನ್ನು ನಾನು ಯಾವಾಗಲೂ ಕೊನೆಯ ಎಂಟು ಬಾರ್‌ನಿಂದ ಕಲಿಸುತ್ತೇನೆ. ಹಾಗೆ ಮಾಡಿದರೆ ನುಡಿಸುತ್ತ ಹೋದಂತೆ ಗೊತ್ತಿರುವ ಕಡೆಗೇ ಬರುತ್ತೀರಿ. 20ನೇ ಬಾರ್‌ನಲ್ಲಿ ಸಿ ಶಾರ್ಪ್ ಬಂದು, ಸಂಗೀತ ಡಿ ಮೇಜರ್ ಕಡೆ ಹೊರಳಿ 24ರಲ್ಲಿ ಡಿ ಮೇಲೆ ನಿಲ್ಲುತ್ತದೆ. 27ರಲ್ಲಿ ಬಲಗೈಗೆ ಮತ್ತೆ ಸಾದಾ ಸಿ. ಕೈ ಅಭ್ಯಾಸಬಲದಿಂದ ಶಾರ್ಪ್ ಕಡೆ ಹೋಗುತ್ತದೆ, ಅಲ್ಲೊಂದು ಗುರುತು ಹಾಕಿಕೊಳ್ಳಿ.

ಹಂತ 6: ನಡೆ, ಸ್ಪರ್ಶ, ಅಲಂಕಾರ

ಮಿನ್ಯುಯೆಟ್ ಎಂದರೆ ಫ್ರೆಂಚ್ ಆಸ್ಥಾನದಲ್ಲಿ ಬೆಳೆದ ನೃತ್ಯ. ರೂಪಕ ತಾಳದ ಎರಡು ತಟ್ಟು, ಒಂದು ಬೀಸು ಗೊತ್ತಿರುವವರಿಗೆ ಮೂರು ಎಣಿಕೆ ಹೊಸದೇನಲ್ಲ. ಆದರೆ ಮಿನ್ಯುಯೆಟ್‌ನ ಒಂದು ಪೂರ್ಣ ಹೆಜ್ಜೆಗೆ ಆರು ಎಣಿಕೆ, ಅಂದರೆ ಎರಡು ಬಾರ್ ಬೇಕು. ಪ್ರತಿ ಬಾರ್‌ನ ತಲೆಗೆ ಕುಟ್ಟಿದರೆ ಕುಣಿಯುವವರ ಕಾಲು ತೊಡರುತ್ತದೆ. ಎರಡೆರಡು ಬಾರ್‌ಗೊಂದು ಉಸಿರು ಎಂದುಕೊಂಡು ನುಡಿಸಿ.

ಓಡುವ ಕ್ವೇವರ್‌ಗಳನ್ನು (ಅರ್ಧ ಎಣಿಕೆಯ ಸ್ವರಗಳನ್ನು) ಜೋಡಿಸಿ, ಕ್ರಾಚೆಟ್‌ಗಳ ನಡುವೆ ಕೂದಲೆಳೆಯಷ್ಟು ಬಿಡುವು ಕೊಡಿ. ಎರಡನೇ ಬಾರ್‌ನ ಎರಡು ಜಿಗಳಿಗೆ ಇದು ಬಹಳ ಚೆಂದ. ಪೆಡಲ್ ಒತ್ತಿದರೆ ಈ ಬಿಡುವುಗಳೆಲ್ಲ ತುಂಬಿಹೋಗುತ್ತವೆ. ಆ ಕಾಲದ ಮನೆಗಳಲ್ಲಿದ್ದ ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್‌ಗಳಿಗೆ ಅಂಥ ಪೆಡಲ್ ಇರಲೇ ಇಲ್ಲ.

ಸ್ವರಗಳ ಮೇಲಿನ ಅಂಕುಡೊಂಕು ಗೆರೆಗಳು ಅಲಂಕಾರದ ಗುರುತುಗಳು. ಎರಡೂ ಕೈ ಸಲೀಸಾಗುವವರೆಗೆ ಅವನ್ನು ಪೂರ್ತಿ ಬಿಟ್ಟುಬಿಡಿ. ನಡುವೆ ನೆಟ್ಟನೆಯ ಗೀಟು ಇರುವುದು ಮಾರ್ಡೆಂಟ್: ಸ್ವರ, ಅದರ ಕೆಳಗಿನದು, ಮತ್ತೆ ಅದೇ ಸ್ವರ. ಗೀಟಿಲ್ಲದ್ದು ಟ್ರಿಲ್, ಅದು ಮೇಲಿನ ಸ್ವರದಿಂದ ಶುರು. ಎರಡೂ ಎಣಿಕೆಯ ಮೇಲೆಯೇ ಬೀಳಬೇಕು, ಅದಕ್ಕಿಂತ ಮುಂಚೆ ಅಲ್ಲ. ಒಂಬತ್ತು ವರ್ಷದ ಮಗ ವಿಲ್‌ಹೆಲ್ಮ್ ಫ್ರೀಡೆಮಾನ್‌ಗಾಗಿ ಬಾಖ್ 1720ರಲ್ಲಿ ಶುರುಮಾಡಿದ ಪುಸ್ತಕದಲ್ಲಿ ಈ ಗುರುತುಗಳ ಪಟ್ಟಿಯೇ ಇದೆ. ಒಂದು ಪುಟವೂ ತುಂಬದ ಆ ಪಟ್ಟಿಯನ್ನು ಮುದ್ರಿಸಿ ವಾದ್ಯದ ಪಕ್ಕ ಅಂಟಿಸಿಕೊಳ್ಳಿ.

ವೇಗವನ್ನು ಮೆಟ್ರೊನೋಮ್‌ನಲ್ಲಿ ನಾಲ್ಕು ನಾಲ್ಕಾಗಿ ಏರಿಸಿ. 110ರ ಸುತ್ತಮುತ್ತ ನನಗೆ ಸಾಕು.

ಮುಂದಿನ ಕೃತಿ

ಅದೇ ಪುಸ್ತಕದ, ಪೆಟ್ಸೋಲ್ಡ್ ಅವರದ್ದೇ ಜಿ ಮೈನರ್ ಮಿನ್ಯುಯೆಟ್ ತೆಗೆದುಕೊಳ್ಳಿ. ನೋಡಲು ಸರಳವೆಂದು ಬಾಖ್ ಅವರ ಸಿ ಮೇಜರ್ ಪ್ರಿಲ್ಯೂಡ್‌ಗೆ ಹಾರುವವರು ಬಹಳ. ಅಲ್ಲಿ ಎಡಗೈ ಸ್ವರಗಳನ್ನು ಹಿಡಿದಿಡುವ ಕೆಲಸ ಇನ್ನೂ ಕಷ್ಟ, ಪೆಡಲ್ ಒತ್ತಿ ತಪ್ಪಿಸಿಕೊಳ್ಳುವ ಆಸೆ ಇನ್ನೂ ಹೆಚ್ಚು. ಜಿ ಮೈನರ್ ಮಿನ್ಯುಯೆಟ್ ಆದ ಮೇಲೆ ಬಾಖ್ ಅವರ ಮೊದಲ ಇನ್ವೆನ್ಷನ್ (ಎರಡು ದನಿಗಳ ಪುಟ್ಟ ಕೃತಿ). 1723ರ ಹಸ್ತಪ್ರತಿಯ ಮುಖಪುಟದಲ್ಲೇ ಅವರು ಎರಡು ದನಿಗಳನ್ನು ಸ್ಪಷ್ಟವಾಗಿ ನುಡಿಸುವುದನ್ನೂ ಹಾಡಿದಂತೆ ನುಡಿಸುವುದನ್ನೂ ಕಲಿಯಲಿ ಎಂದು ಬರೆದಿದ್ದಾರೆ. ಅಲ್ಲಿ ಬಲಗೈ ಹೇಳಿದ ಮಾತನ್ನು ಅರ್ಧ ಬಾರ್ ಕಳೆದು ಎಡಗೈ ಒಂದು ಆಕ್ಟೇವ್ ಕೆಳಗೆ ಹೇಳುತ್ತದೆ. ಮೊದಲ ಎರಡು ಬಾರ್‌ಗೇ ಒಂದು ವಾರ ಕೊಡಿ.