ಟ್ಯಾಂಕಿನ ಟರೆಟ್ ಹೊತ್ತ ಸರೋವರದ ದೋಣಿ: ಮಾದರಿ ಮಾಡುವ ಬಗೆ

ಎರಡನೇ ಮಹಾಯುದ್ಧದಲ್ಲಿ ಕಾದಾಡಿದ, 1125 ಅನ್ನುವ ಹೆಸರಿನ ಸೋವಿಯತ್ ಉಕ್ಕಿನ ದೋಣಿಯ ಮಾದರಿ ಮಾಡಬೇಕು ಅನ್ನುವವರಿಗೆ ನನ್ನ ಮೊದಲ ಮಾತು ಇದು: ಟರೆಟ್, ಅಂದರೆ ಫಿರಂಗಿ ಹೊತ್ತು ಸುತ್ತ ತಿರುಗುವ ಗೋಪುರ, ಕೈಗೆ ಬರುವವರೆಗೆ ದೋಣಿಯ ಕೆಲಸಕ್ಕೆ ಕೈ ಹಾಕಬೇಡಿ.

ನಾನು ಸೈನ್ಯದಲ್ಲಿದ್ದಾಗ ವರ್ಕ್‌ಶಾಪಿನಲ್ಲಿ ಟ್ಯಾಂಕಿನ ಟರೆಟ್ ಇಳಿಸಿ, ರಿಪೇರಿ ಮಾಡಿ, ಮತ್ತೆ ಕೂರಿಸುವ ಕೆಲಸದಲ್ಲಿದ್ದೆ. ಈಗ ಸೋಮವಾರಪೇಟೆ ಹತ್ತಿರ ಕಾಫಿ ತೋಟ ನೋಡಿಕೊಂಡಿದ್ದೇನೆ. ಅಷ್ಟು ಭಾರದ ವಸ್ತುವನ್ನು ದೋಣಿಯ ಮೇಲೆ ಕೂರಿಸಿ ಕಾದಾಡಿದ್ದಾರೆ ಅಂತ ತಿಳಿದಾಗಿನಿಂದ ಈ ದೋಣಿ ನನ್ನ ತಲೆಯಿಂದ ಹೋಗಿಲ್ಲ. ಸೋವಿಯತ್ ವಿನ್ಯಾಸಕಾರ ಯೂಲಿ ಬೆನುವಾ 1930ರ ದಶಕದಲ್ಲಿ ಇದನ್ನು ನದಿಗಳಿಗಾಗಿ ವಿನ್ಯಾಸ ಮಾಡಿದರು. ರೈಲಿನಲ್ಲಿ ಸಾಗಿಸಲು ಆಗಬೇಕು, ಆಳವಿಲ್ಲದ ನೀರಿನಲ್ಲೂ ಓಡಬೇಕು ಅನ್ನುವುದು ಲೆಕ್ಕ. ಮೊದಲು ಟಿ-28 ಟ್ಯಾಂಕಿನ ಟರೆಟ್ ಕೂರಿಸುತ್ತಿದ್ದರು, ಆಮೇಲೆ ಟಿ-34ರದ್ದು. ಎರಡರಲ್ಲೂ 76 ಮಿ.ಮೀ. ಫಿರಂಗಿ. ಇದರ ಅಣ್ಣ 1124. ಅದಕ್ಕೆ ಎರಡು ಟರೆಟ್. ಮೊದಲ ಸಲ ಮಾಡುವವರಿಗೆ 1125 ಸಾಕು.

1/72 ಅಳತೆಯ, ಅಂದರೆ ನಿಜವಾದದ್ದರ 72ನೇ ಒಂದು ಪಾಲಿನ, ಟಿ-34/76 (76 ಮಿ.ಮೀ. ಫಿರಂಗಿಯ ಟಿ-34) ಪ್ಲಾಸ್ಟಿಕ್ ಕಿಟ್ ತರಿಸಿಕೊಳ್ಳಿ. ಟರೆಟ್ ಮಾತ್ರ ಬೇಕು. ಉಳಿದದ್ದನ್ನು ಮಕ್ಕಳಿಗೆ ಕೊಡಿ. ಕಿಟ್‌ನಲ್ಲಿ ದೊಡ್ಡ ಒಂದೇ ಮುಚ್ಚಳದ ಹಳೇ ಟರೆಟ್ ಇದ್ದರೆ ಯುದ್ಧದ ಮೊದಲ ವರ್ಷಗಳ ದೋಣಿಗೆ ಸರಿಹೋಗುತ್ತದೆ. ಎರಡು ದುಂಡು ಮುಚ್ಚಳದ ಆರು ಮೂಲೆಯ ಟರೆಟ್ ಆದರೆ 1942ರ ಆಮೇಲಿನದು. ಮುಚ್ಚಳ ತೆರೆದಿಡುವುದಾದರೆ ಒಳಗೆ ಇಬ್ಬರಿಗಿಂತ ಜಾಸ್ತಿ ಜನರನ್ನು ತೋರಿಸಬೇಡಿ. ಆ ಟರೆಟ್ಟಿನಲ್ಲಿ ಜಾಗ ಇಬ್ಬರಿಗೇ. ಗುರಿ ಇಡುವವನೇ ಕಮಾಂಡರ್ ಕೂಡ.

ಎರಕದ ಟರೆಟ್ ಆದರೆ ಮೈ ನುಣುಪಾಗಿ ಬಿಡಬೇಡಿ. ಪುಟ್ಟಿಯನ್ನು ತಿನ್ನರ್ ಹಾಕಿ ತೆಳು ಮಾಡಿ ಹಚ್ಚಿ. ಒಣಗುವ ಮೊದಲೇ ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಚುಚ್ಚುತ್ತಾ ಹೋಗಿ. ಎಷ್ಟು ಒರಟು ಇರಬೇಕು ಅಂತ ಗೊತ್ತಾಗದಿದ್ದರೆ ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿ. ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ಮ್ಯೂಸಿಯಂ ಆಯಿತಲ್ವಾ, ಅಲ್ಲಿ ಹೊರಗೆ ಟ್ಯಾಂಕ್ ನಿಲ್ಲಿಸಿದ್ದಾರೆ. ಅದು ಬೇರೆ ಕಾಲದ ಟ್ಯಾಂಕ್. ಆದರೂ ಉಕ್ಕಿನ ಮೈ ಹೇಗಿರುತ್ತದೆ, ಮಳೆನೀರು ಎಲ್ಲಿ ಇಳಿದು ಕಲೆ ಮಾಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬಹುದು.

ಈಗ ದೋಣಿ. ನಿಜವಾದದ್ದು ಸುಮಾರು 22.65 ಮೀಟರ್ ಉದ್ದ, 3.55 ಮೀಟರ್ ಅಗಲ. ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಮಾತ್ರ ನೀರಿನೊಳಗೆ. ನಮ್ಮ ಅಳತೆಗೆ ಇಳಿಸಿದರೆ ಉದ್ದ 31 ಸೆಂ.ಮೀ. ಮೇಲೆ ಚೂರು, ಅಗಲ 49 ಮಿ.ಮೀ., ನೀರಿನೊಳಗೆ 8 ಮಿ.ಮೀ. ಟರೆಟ್ ಕೂರುವ ತೂತು ಸುಮಾರು 20 ಮಿ.ಮೀ. ಆದರೆ ಕೊರೆಯುವ ಮೊದಲು ನಿಮ್ಮ ಕಿಟ್‌ನ ಟರೆಟ್ಟಿನ ತಳ ಅಳೆದೇ ಕೊರೆಯಿರಿ. ಅದಕ್ಕೇ ನಾನು ಟರೆಟ್ ಮೊದಲು ಅಂದದ್ದು.

ಮರ ಬೇಡ. ತೋಟದಲ್ಲಿ ಸಿಲ್ವರ್ ಓಕ್ ತುಂಡು ಬೇಕಾದಷ್ಟು ಸಿಗುತ್ತದೆ, ನಿಜ. ಆದರೆ ನಮ್ಮ ಜೂನ್-ಜುಲೈ ತಿಂಗಳಲ್ಲಿ ಅದು ಉಬ್ಬಿ ಕೀಲುಗಳೆಲ್ಲ ಬಿಟ್ಟುಕೊಳ್ಳುತ್ತವೆ. ಅಡುಗೆಮನೆ ಕಪಾಟಿಗೆ ಹಾಕುವ ಪಿವಿಸಿ ಫೋಮ್ ಬೋರ್ಡ್ ಉಳಿಕೆ ತುಂಡುಗಳನ್ನು ಕುಶಾಲನಗರದ ಪೀಠೋಪಕರಣದ ಅಂಗಡಿಗಳಲ್ಲಿ ಕೇಳಿ. ನೀರು ಹೀರುವುದಿಲ್ಲ, ಬ್ಲೇಡಿಗೆ ಸಲೀಸಾಗಿ ಕೊಯ್ಯುತ್ತದೆ. ಪದರದ ಮೇಲೆ ಪದರ ಅಂಟಿಸಿ, ಮುಂಭಾಗವನ್ನು ಮರಳು ಕಾಗದದಲ್ಲಿ ಉಜ್ಜಿ ಆಕಾರಕ್ಕೆ ತನ್ನಿ.

ತಳವನ್ನೂ ತೋರಿಸುವವರು ಹಿಂಬದಿಯಲ್ಲಿ ಒಂದು ಕಾಲುವೆ ಕೊರೆಯಬೇಕು. ಪ್ರೊಪೆಲ್ಲರ್ ಅದರೊಳಗೆ ಅಡಗಿರುತ್ತದೆ. ಅದಕ್ಕೇ ಈ ದೋಣಿ ದಡದ ತನಕ ಹೋಗುತ್ತಿತ್ತು. ಪಕ್ಕದ ಕವಚ 7 ಮಿ.ಮೀ. ದಪ್ಪ. 1/72ಕ್ಕೆ ಅದು 0.1 ಮಿ.ಮೀ., ಅಂದರೆ ಜೆರಾಕ್ಸ್ ಕಾಗದದಷ್ಟು! ಹಾಗಾಗಿ ದಪ್ಪ ಪ್ಲಾಸ್ಟಿಕ್ ಶೀಟ್ ಅಂಟಿಸಬೇಡಿ. ಕಾಗದವನ್ನೇ ಕತ್ತರಿಸಿ, ಫೆವಿಕ್ವಿಕ್ ಕುಡಿಸಿ ಗಟ್ಟಿ ಮಾಡಿ ಅಂಟಿಸಿ. ಚುಕ್ಕಾಣಿ ಕೋಣೆ, ಅದರ ಮೇಲಿನ ಮೆಷಿನ್ ಗನ್ ಗೋಪುರ ಇವೆಲ್ಲ ಪ್ಲಾಸ್ಟಿಕ್ ಶೀಟಿನಲ್ಲಿ ಸುಲಭ.

ನಾನು ಎಲ್ಲಕ್ಕಿಂತ ಜಾಸ್ತಿ ಹಠ ಹಿಡಿಯುವುದು ನೀರಿನ ಗೆರೆಗೆ. ಪಕ್ಕದ ಮನೆ ಹುಡುಗ ನನ್ನ ದೋಣಿ ನೋಡಿ, “ಮಾವ, ಇದು ಮುಳುಗೋದಿಲ್ವಾ?” ಅಂತ ಕೇಳಿದ. ನೋಡಿದವರಿಗೆ ಹಾಗೆ ಅನ್ನಿಸಲೇಬೇಕು. ನದಿಗೆ ಅಂತ ಮಾಡಿದ ತಗ್ಗು ದೋಣಿಯನ್ನು ಯುದ್ಧದಲ್ಲಿ ದೊಡ್ಡ ಸರೋವರಗಳಿಗೆ ಇಳಿಸಿದರು. ರಷ್ಯಾದ ಲಡೋಗಾ ಸರೋವರ ಸುಮಾರು 17,700 ಚದರ ಕಿ.ಮೀ. ನಮ್ಮ ಇಡೀ ಕೊಡಗು 4,102. ನಾಲ್ಕು ಕೊಡಗನ್ನು ಮುಳುಗಿಸುವಷ್ಟು ನೀರು, ಗಾಳಿ ಎದ್ದರೆ ಗಿಡ್ಡನೆಯ ಕಡಿದಾದ ಅಲೆ. ದೋಣಿ ಹೊಯ್ದಾಡುವಾಗ ಟ್ಯಾಂಕಿನ ಗುರಿದರ್ಶಕದಲ್ಲಿ ಗುರಿ ಹಿಡಿಯುವುದು ಎಂಥ ಕಷ್ಟ ಅಂತ ಟರೆಟ್ಟಿನೊಳಗೆ ಕೂತವರಿಗೆ ಗೊತ್ತು.

ಗೆರೆ ಎಳೆಯುವ ರೀತಿ ಹೀಗೆ. ಸಪಾಟಾದ ಗಾಜಿನ ಮೇಲೆ ದೋಣಿ ಇಡಿ. ಪೆನ್ಸಿಲ್ ಮೊನೆ ಗಾಜಿನಿಂದ 8 ಮಿ.ಮೀ. ಎತ್ತರಕ್ಕೆ ಬರುವ ಹಾಗೆ ಒಂದು ತುಂಡಿಗೆ ಕಟ್ಟಿ, ಆ ತುಂಡನ್ನು ದೋಣಿಯ ಸುತ್ತ ಜಾರಿಸಿ. ನೀರಿನಲ್ಲಿ ತೇಲುವ ಹಾಗೆ ತೋರಿಸುವುದಾದರೆ ಆ ಗೆರೆಗೇ ಕೊಯ್ದುಬಿಡಿ. ಒಂದೆರಡು ಮಿ.ಮೀ. ಮೇಲೆ ಬಿಟ್ಟರೂ ಈ ದೋಣಿಯ ಲಕ್ಷಣವೇ ಹೋಗುತ್ತದೆ. ಫಿರಂಗಿಯನ್ನೂ ಆಕಾಶಕ್ಕೆ ಎತ್ತಬೇಡಿ. ಟ್ಯಾಂಕಿನ ಫಿರಂಗಿ ವಿಮಾನ ಹೊಡೆಯುವಷ್ಟು ಮೇಲೇಳುವುದಿಲ್ಲ. ಆ ಕೆಲಸ ಮೆಷಿನ್ ಗನ್‌ಗಳದ್ದು.

ಎದುರಾಳಿಗಳು ವಶಪಡಿಸಿಕೊಂಡ ದೋಣಿ ಮಾಡುವ ಆಸೆ ಇದ್ದರೆ ರಷ್ಯಾದ ಇನ್ನೊಂದು ದೊಡ್ಡ ಸರೋವರ ಒನೆಗಾದ ಕಡೆ ನೋಡಿ. 1941ರ ಅಕ್ಟೋಬರ್‌ನಲ್ಲಿ ಫಿನ್ಲೆಂಡಿನ ಸೈನ್ಯ ಅದರ ದಡದ ಪೆಟ್ರೊಜಾವೊಡ್‌ಸ್ಕ್ ಪಟ್ಟಣ ಹಿಡಿಯಿತು. 1944ರ ಜೂನ್‌ವರೆಗೂ ಅಲ್ಲೇ ಇತ್ತು. ಆ ಸರೋವರದಲ್ಲಿ ಅವರ ದಳ ಬಹುಪಾಲು ಸೋವಿಯತ್ ಕಡೆಯಿಂದ ಸಿಕ್ಕಿದ ಹಡಗು, ದೋಣಿಗಳಿಂದಲೇ ಆದದ್ದು. ಸಿಕ್ಕಿದ ಫಿರಂಗಿ ಉಪಯೋಗಕ್ಕೆ ಬರಬೇಕಾದರೆ ಗುಂಡು ಸಿಗಬೇಕು ಅಲ್ವಾ? ಫಿನ್ಲೆಂಡಿನವರ ಬಳಿ ಹಳೇ ರಷ್ಯನ್ 76 ಮಿ.ಮೀ. ಫಿರಂಗಿಗಳು ಮೊದಲೇ ಇದ್ದವು. ಟಿ-34ರ ಫಿರಂಗಿಗೂ ಅದೇ ಅಳತೆಯ ತೋಟಾ. ವರ್ಕ್‌ಶಾಪ್ ಕೆಲಸ ಮಾಡಿದ ನನಗೆ ಈ ವಿಷಯ ಯಾವ ಕಾದಾಟದ ಕಥೆಗಿಂತಲೂ ದೊಡ್ಡದು. ಮಾದರಿಯಲ್ಲಿ ಬದಲಾಗುವುದು ಬಾವುಟ ಮಾತ್ರ: ಬಿಳಿ ಮೇಲೆ ನೀಲಿ ಶಿಲುಬೆ, ನಡುವೆ ಲಾಂಛನ, ತುದಿಯಲ್ಲಿ ಮೂರು ಬಾಲ. ನಿಮ್ಮ ಕೈಯಲ್ಲಿರುವ ಫೋಟೋದಲ್ಲಿ ಇಲ್ಲದ ನಂಬರ್, ಗುರುತು ಸುಮ್ನೆ ಬರೆಯಬೇಡಿ.

ಬಣ್ಣ ಬೂದು. ಸ್ಪ್ರೇ ಮಾಡುವ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಹೊಡೆದರೆ ತೇವ ಸೇರಿ ಬಣ್ಣದ ಮೇಲೆ ಬೆಳ್ಳಗೆ ಮಂಜು ಕೂರುತ್ತದೆ. ಕೊಯ್ಯುವುದು, ಉಜ್ಜುವುದು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಹೊಗೆ ಕೊಳವೆಯ ಬಳಿ ಕಪ್ಪು ಬಣ್ಣ ಸ್ವಲ್ಪ ಧಾರಾಳವಾಗಿರಲಿ. ಒಳಗಿರುವುದು ವಿಮಾನದ ಎಂಜಿನ್ನಿನಿಂದ ಬಂದ ಗ್ಯಾಮ್-34, ಪೆಟ್ರೋಲ್ ಕುಡಿಯುವಂಥದ್ದು.

ನೀರಿಗೆ ಟಿಶ್ಯೂ ಪೇಪರ್ ಮತ್ತು ಫೆವಿಕಾಲ್ ಸಾಕು. ಪೇಪರನ್ನು ಸುಕ್ಕು ಮಾಡಿ ಹಲಗೆಗೆ ಅಂಟಿಸಿ, ಒದ್ದೆ ಇರುವಾಗಲೇ ಬೆರಳಿನಿಂದ ಅಲೆ ಎಬ್ಬಿಸಿ. ಅಲೆಗಳೆಲ್ಲ ಒಂದೇ ದಿಕ್ಕಿಗಿರಲಿ. ಗಾಳಿ ಇರುವ ದಿನ ಹಾರಂಗಿ ಹಿನ್ನೀರಿಗೆ ಹೋದರೆ ಸಾಲು ಹೇಗೆ ಬರುತ್ತದೆ ಅಂತ ಕಾಣುತ್ತದೆ. ಚೆನ್ನಾಗಿ ಒಣಗಿದ ಮೇಲೆ ಕಪ್ಪು ಬೆರೆತ ಹಸಿರು-ನೀಲಿ ಬಣ್ಣ ಹಾಕಿ, ನಂತರ ಹೊಳಪು ಕೊಡುವ ವಾರ್ನಿಷ್. ಒಣಗದೇ ವಾರ್ನಿಷ್ ಹಾಕಿದರೆ ಫೆವಿಕಾಲ್ ಒಳಗೇ ಹಾಲುಹಾಲಾಗಿ ಉಳಿಯುತ್ತದೆ. ಬಾವುಟ ಕೊನೆಗೆ ಏರಿಸಿ. ಅಲೆ ಬರುವ ದಿಕ್ಕಿನಿಂದಲೇ ಅದಕ್ಕೂ ಗಾಳಿ ಬೀಸಬೇಕು. ಮಳೆಗಾಲ ಶುರುವಾಗುವ ಮೊದಲು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಜಿನ ಪೆಟ್ಟಿಗೆಯಲ್ಲಿಡಿ, ಇಲ್ಲದಿದ್ದರೆ ಕಾಗದದ ಬಾವುಟಕ್ಕೆ ಬೂಷ್ಟು ಹಿಡಿಯುತ್ತದೆ.